ಲೈಬ್ರರಿಯಲ್ಲಿ ಬಾಯಿಬಿಟ್ಟು ಕೇಳಿ

(ಓದುಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಓದು ಒಳ್ಳೆಯದು ಅಂತ ಇಲ್ಲಿ ಕೂತಿರುವವರಿಗೆ ನಾನು ಹೇಳಬೇಕಾಗಿಲ್ಲ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ಸಾರ್ವಜನಿಕ ಗ್ರಂಥಾಲಯವನ್ನು ನಮ್ಮಲ್ಲಿ ಹೆಚ್ಚಿನವರು ಬಳಸುವುದು ಒಂದೇ ರೀತಿ. ಒಳಗೆ ಹೋಗುತ್ತೇವೆ, ಪೇಪರ್ ತಿರುವಿ ಹಾಕುತ್ತೇವೆ, ಗೊತ್ತಿರುವ ಕಪಾಟಿನ ಮುಂದೆ ಐದು ನಿಮಿಷ ನಿಲ್ಲುತ್ತೇವೆ, ಬೇಕಾದ ಪುಸ್ತಕ ಕಣ್ಣಿಗೆ ಬೀಳದಿದ್ದರೆ ‘ಇಲ್ಲಿ ಏನೂ ಸಿಗಲ್ಲ’ ಅಂದುಕೊಂಡು ಹೊರಗೆ ಬರುತ್ತೇವೆ. ಕೌಂಟರಿನಲ್ಲಿ ಕೂತವರ ಹತ್ತಿರ ಒಂದು ಮಾತೂ ಆಡಿರುವುದಿಲ್ಲ. ನನಗೆ ಬೇಸರ ತರಿಸುವುದು ಇದೇ. ಕಪಾಟಿನಲ್ಲಿ ಕಾಣುವುದು ಲೈಬ್ರರಿಯ ಒಂದು ಭಾಗ ಅಷ್ಟೇ. ಮಿಕ್ಕಿದ್ದು ಕೇಳಿದವರಿಗೆ ಸಿಗುತ್ತದೆ.

ಒಂದು ಕಾಲದಲ್ಲಿ ಕೇಳದೆ ಗತಿಯೇ ಇರಲಿಲ್ಲ. ಮಧ್ಯಯುಗದ ಯೂರೋಪಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಬಿಗಿದಿಡುತ್ತಿದ್ದರು. ಇಂಗ್ಲೆಂಡಿನ ಹೆರೆಫರ್ಡ್ ಕ್ಯಾಥೆಡ್ರಲ್‌ನಲ್ಲಿ ಅಂಥ ಗ್ರಂಥಾಲಯ ಈಗಲೂ ಇದೆ. ಆಮೇಲೆ ಸಾರ್ವಜನಿಕ ಗ್ರಂಥಾಲಯಗಳು ಬಂದವು, ಆದರೂ ಓದುಗರು ಕಪಾಟಿನ ಹತ್ತಿರ ಹೋಗುವ ಹಾಗಿರಲಿಲ್ಲ. ಪುಸ್ತಕ ಒಳಗಿದೆಯೋ ಹೊರಗೆ ಹೋಗಿದೆಯೋ ಅಂತ ಬಣ್ಣದಿಂದ ತೋರಿಸುವ ದೊಡ್ಡ ಹಲಗೆ ಇರುತ್ತಿತ್ತು. ಅದನ್ನು ನೋಡಿ ನಂಬರ್ ಹೇಳಿದರೆ ಸಿಬ್ಬಂದಿ ಒಳಗಿಂದ ಪುಸ್ತಕ ತಂದು ಕೊಡುತ್ತಿದ್ದರು. ಬ್ರಿಟನ್ನಿನಲ್ಲಿ ಈ ಪದ್ಧತಿ ಬದಲಾಗಲು ದಾರಿ ತೋರಿಸಿದವರು ಜೇಮ್ಸ್ ಡಫ್ ಬ್ರೌನ್. 1894ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್ ಗ್ರಂಥಾಲಯದಲ್ಲಿ ಅವರು ಕಪಾಟುಗಳನ್ನು ಓದುಗರಿಗೆ ತೆರೆದರು. ಕಳ್ಳತನ ಜಾಸ್ತಿಯಾಗುತ್ತದೆ, ಪುಸ್ತಕ ಕಲಸಿ ಹೋಗುತ್ತವೆ ಅಂತ ಎಷ್ಟೋ ಜನ ವಿರೋಧಿಸಿದರು. ಆದರೂ ನಿಧಾನವಾಗಿ ಜಗತ್ತೇ ಆ ದಾರಿಗೆ ಬಂತು. ಬಹಳ ದೊಡ್ಡ ಬದಲಾವಣೆ ಅದು, ನಮಗೆಲ್ಲ ಸಿಕ್ಕ ಸ್ವಾತಂತ್ರ್ಯ. ಅದರ ಜೊತೆಗೇ ಕೇಳುವ ಅಭ್ಯಾಸ ಮಾತ್ರ ಕಳೆದುಹೋಯಿತು. ಎಲ್ಲ ಕಣ್ಣೆದುರಿಗೇ ಇದೆಯಲ್ಲ, ಹುಡುಕಿಕೊಂಡರಾಯಿತು ಅಂದುಕೊಂಡೆವು.

ಆದರೆ ಎಲ್ಲವೂ ಕಣ್ಣೆದುರಿಗೆ ಇರುವುದಿಲ್ಲ. ಇದ್ದರೂ ನಾವು ನೋಡುವ ಜಾಗದಲ್ಲಿ ಇರುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ.

ಜೇನುಹುಳದ ಬಗ್ಗೆ ಓದಬೇಕು ಅಂತ ನಿಮಗೆ ಆಸೆ ಆಗಿದೆ. ನಿಮ್ಮ ಗ್ರಂಥಾಲಯ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಪುಸ್ತಕ ಜೋಡಿಸುತ್ತದೆ ಅಂತ ಇಟ್ಟುಕೊಳ್ಳಿ. ಮೆಲ್ವಿಲ್ ಡ್ಯೂಯಿ 1876ರಲ್ಲಿ ತಂದ ಪದ್ಧತಿ ಇದು. ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಪ್ರತಿ ಭಾಗವನ್ನು ಮತ್ತೆ ಹತ್ತು ಮಾಡಿ, ಹೀಗೇ ಒಡೆಯುತ್ತಾ ಹೋಗಿ ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಡುವುದು. ಜೇನುಹುಳವನ್ನು ಕೀಟವಾಗಿ ನೋಡುವ ಪುಸ್ತಕ 595.799ರಲ್ಲಿ ಇರುತ್ತದೆ, ಅಂದರೆ ಪ್ರಾಣಿಶಾಸ್ತ್ರದ ಕಪಾಟು. ಜೇನು ಸಾಕಣೆ ಬೇಕಾದರೆ 638.1, ಅದು ಕೃಷಿಯ ಹತ್ತಿರ. ಜೇನುತುಪ್ಪ ಹಾಕಿ ಮಾಡುವ ಅಡುಗೆ ಬೇಕಾದರೆ 641ಕ್ಕೆ ಹೋಗಬೇಕು. ಒಂದೇ ಹುಳ, ಮೂರು ಕಪಾಟು! ಡ್ಯೂಯಿ ವಿಂಗಡಿಸಿದ್ದು ವಸ್ತುವಿನ ಮೇಲಲ್ಲ, ಆ ವಸ್ತುವನ್ನು ಯಾವ ಶಾಸ್ತ್ರ ನೋಡುತ್ತದೆ ಅನ್ನುವುದರ ಮೇಲೆ. ಇದು ಗೊತ್ತಿಲ್ಲದವರು ಒಂದು ಕಡೆ ಎರಡು ಪುಸ್ತಕ ನೋಡಿ ‘ಇಷ್ಟೇ ಇರೋದು’ ಅಂತ ವಾಪಸ್ ಹೋಗುತ್ತಾರೆ. ಕೌಂಟರಿನಲ್ಲಿ ‘ಜೇನು ಸಾಕಬೇಕು ಅಂತಿದ್ದೇನೆ’ ಅಂತ ಒಂದು ಮಾತು ಹೇಳಿದ್ದರೆ ಅವರೇ ಸರಿಯಾದ ಕಪಾಟಿಗೆ ಕರೆದುಕೊಂಡು ಹೋಗುತ್ತಿದ್ದರು.

ಪುಸ್ತಕದ ಬೆನ್ನಿನ ಮೇಲೆ ಅಂಟಿಸಿದ ಚೀಟಿ ಓದುವುದು ಕಲಿತರೆ ಅರ್ಧ ಕೆಲಸ ಸಲೀಸು. ಚುಕ್ಕೆಯ ಆಚೆಗಿನ ಅಂಕಿಗಳನ್ನು ದಶಮಾಂಶದ ಹಾಗೆ ಓದಬೇಕು, ಇಡೀ ಸಂಖ್ಯೆಯ ಹಾಗೆ ಅಲ್ಲ. ಅಂದರೆ 598.15 ಮೊದಲು ಬರುತ್ತದೆ, 598.2 ಆಮೇಲೆ. ಹದಿನೈದು ದೊಡ್ಡದಲ್ವಾ ಅಂತ ಅನ್ನಿಸಿದರೆ ನೀವು ತಪ್ಪು ದಿಕ್ಕಿನಲ್ಲಿ ಹುಡುಕುತ್ತಿದ್ದೀರಿ ಅಂತ ಅರ್ಥ. ಸಂಖ್ಯೆಯ ಕೆಳಗಿನ ಅಕ್ಷರಗಳು ಸಾಮಾನ್ಯವಾಗಿ ಲೇಖಕರ ಹೆಸರಿನವು. ಕನ್ನಡ ಸಾಹಿತ್ಯಕ್ಕೆ ಈ ಪದ್ಧತಿಯಲ್ಲಿ ಸಿಕ್ಕಿರುವ ಸಂಖ್ಯೆ 894.814. ಪಕ್ಕದಲ್ಲೇ ತಮಿಳು 894.811, ಮಲಯಾಳಂ 894.812. ಅಷ್ಟುದ್ದದ ಸಂಖ್ಯೆ ಯಾಕೆ ಗೊತ್ತಾ? 810ರಿಂದ 889ರವರೆಗಿನ ಜಾಗವೆಲ್ಲ ಇಂಗ್ಲಿಷ್, ಜರ್ಮನ್, ಫ್ರೆಂಚ್, ಲ್ಯಾಟಿನ್ ಥರದ ಯೂರೋಪಿನ ಭಾಷೆಗಳಿಗೆ ಹೋಗಿ, ಜಗತ್ತಿನ ಮಿಕ್ಕ ಭಾಷೆಗಳೆಲ್ಲ 890ರ ಒಂದೇ ಕೋಣೆಯಲ್ಲಿ ಒತ್ತಿಕೊಂಡು ಕೂತಿವೆ. ಈ ಅನ್ಯಾಯ ನನಗೆ ಇವತ್ತಿಗೂ ಚುಚ್ಚುತ್ತದೆ. ಆದರೂ ಸಂಖ್ಯೆ ಗೊತ್ತಿದ್ದರೆ ನೀವು ಯಾವ ದೇಶದ ಡ್ಯೂಯಿ ಗ್ರಂಥಾಲಯಕ್ಕೆ ಹೋದರೂ ಕನ್ನಡ ಪುಸ್ತಕ ಇದೆಯಾ ಅಂತ ಮೊದಲು ನೋಡಬೇಕಾದ ಕಪಾಟು ಯಾವುದು ಅಂತ ತಿಳಿಯುತ್ತದೆ.

ಈಗ ಕೇಳುವ ವಿಷಯಕ್ಕೆ ವಾಪಸ್ ಬರೋಣ. ಹೇಗೆ ಕೇಳಬೇಕು?

ನಾವು ಸಾಮಾನ್ಯವಾಗಿ ನಮಗೆ ಬೇಕಾದದ್ದನ್ನು ಕೇಳುವುದಿಲ್ಲ. ಸಂಕೋಚಕ್ಕೋ, ಅವರಿಗೆ ಸುಲಭ ಆಗಲಿ ಅಂತಲೋ, ಅದನ್ನು ಒಂದು ದೊಡ್ಡ ವಿಷಯದೊಳಗೆ ಅಡಗಿಸಿ ಕೇಳುತ್ತೇವೆ. ‘ಕಾನೂನು ಪುಸ್ತಕ ಎಲ್ಲಿವೆ?’ ಅಂತ ಕೇಳುತ್ತೇವೆ. ನಿಜಕ್ಕೂ ಬೇಕಾಗಿರುವುದು ಬಾಡಿಗೆ ಕರಾರುಪತ್ರದಲ್ಲಿ ಏನೇನು ಬರೆಯಬೇಕು ಅನ್ನುವುದು. ‘ಆರೋಗ್ಯದ ಪುಸ್ತಕ ಇದೆಯಾ?’ ಅನ್ನುತ್ತೇವೆ. ಬೇಕಾಗಿರುವುದು ಮನೆಯಲ್ಲಿ ಯಾರಿಗೋ ಹೊಸದಾಗಿ ಬಂದಿರುವ ಕಾಯಿಲೆಯ ಬಗ್ಗೆ ಅರ್ಥವಾಗುವ ಮಾತಿನಲ್ಲಿ ಬರೆದ ನಾಲ್ಕು ಪುಟ. ಒಳ್ಳೆಯ ಗ್ರಂಥಪಾಲಕರು ಇಲ್ಲಿ ಒಂದೆರಡು ಪ್ರಶ್ನೆ ವಾಪಸ್ ಕೇಳುತ್ತಾರೆ. ‘ಯಾರಿಗೆ? ಎಷ್ಟು ವಿವರ ಬೇಕು? ಯಾವ ಭಾಷೆಯಲ್ಲಿದ್ದರೆ ಆಗುತ್ತದೆ?’ ಕೆಲವರಿಗೆ ಇದು ತನಿಖೆ ಅನ್ನಿಸಿ ಮುಜುಗರ ಆಗುತ್ತದೆ. ಖಂಡಿತ ಅಲ್ಲ. ಇದು ಅವರ ವೃತ್ತಿಯ ಮುಖ್ಯ ಕೌಶಲ, ಅದಕ್ಕೆ ತರಬೇತಿಯೇ ಇದೆ. ಹಾಗಾಗಿ ಮೊದಲಿಗೇ ಪೂರ್ತಿ ಹೇಳಿಬಿಡಿ: ಏನು ಬೇಕು, ಯಾತಕ್ಕೆ ಬೇಕು, ಈಗಾಗಲೇ ಏನು ನೋಡಿದ್ದೀರಿ, ಯಾವತ್ತಿನೊಳಗೆ ಬೇಕು. ಖಾಸಗಿ ವಿಷಯ ಆದರೆ ‘ಸ್ವಲ್ಪ ಆಚೆ ಮಾತಾಡಬಹುದಾ’ ಅಂತ ಕೇಳಿದರೆ ತಪ್ಪೇನಿಲ್ಲ. ಓದುಗರು ಏನು ಕೇಳಿದರು, ಏನು ಓದಿದರು ಅನ್ನುವುದನ್ನು ಗುಟ್ಟಾಗಿ ಇಡಬೇಕು ಅನ್ನುವುದು ಈ ವೃತ್ತಿಯ ಹಳೆಯ ನಿಯಮ. ಅಮೆರಿಕದ ಗ್ರಂಥಾಲಯ ಸಂಘ 1939ರಲ್ಲೇ ಇದನ್ನು ತನ್ನ ನೀತಿಸಂಹಿತೆಯಲ್ಲಿ ಬರೆದಿತ್ತು.

ಒಂದು ಮಿತಿ ಮಾತ್ರ ನೆನಪಿರಲಿ. ಅವರು ಮಾಹಿತಿ ಎಲ್ಲಿದೆ ಅಂತ ತೋರಿಸುತ್ತಾರೆ. ಈ ಔಷಧಿ ತಗೊಳ್ಳಿ, ಈ ಕೇಸ್ ಹಾಕಿ ಅಂತ ಹೇಳುವುದಿಲ್ಲ, ಹೇಳಲೂಬಾರದು. ಅದರ ಜೊತೆಗೆ, ಕಾನೂನು ಮತ್ತು ವೈದ್ಯಕೀಯ ಪುಸ್ತಕ ಕೈಗೆ ಬಂದ ಕೂಡಲೇ ಶೀರ್ಷಿಕೆ ಪುಟದ ಹಿಂಬದಿ ತಿರುಗಿಸಿ ಪ್ರಕಟಣೆಯ ವರ್ಷ ನೋಡಿ. ಹತ್ತು ವರ್ಷ ಹಳೆಯ ಕಾದಂಬರಿಯಿಂದ ಯಾರಿಗೂ ಏನೂ ಆಗುವುದಿಲ್ಲ. ಹತ್ತು ವರ್ಷ ಹಳೆಯ ಔಷಧಿ ಪುಸ್ತಕದ ಕಥೆ ಬೇರೆ.

ಕ್ಯಾಟಲಾಗ್ ಬಗ್ಗೆ ಎರಡು ಮಾತು. ಕಂಪ್ಯೂಟರಿನಲ್ಲೋ ಫೋನಿನಲ್ಲೋ ಹುಡುಕಿ ಸಿಗದಿದ್ದರೆ ಪುಸ್ತಕ ಇಲ್ಲ ಅಂತ ತೀರ್ಮಾನ ಮಾಡಬೇಡಿ. ಕನ್ನಡ ಪುಸ್ತಕಗಳ ವಿವರವನ್ನು ಎಷ್ಟೋ ಕಡೆ ಇಂಗ್ಲಿಷ್ ಅಕ್ಷರದಲ್ಲಿ ಹಾಕಿರುತ್ತಾರೆ. ದೀರ್ಘ ಸ್ವರಕ್ಕೆ ಒಬ್ಬರು ಎರಡು ಎ ಬರೆದರೆ ಇನ್ನೊಬ್ಬರು ಒಂದೇ ಬರೆದಿರುತ್ತಾರೆ, ‘ಶ’ಗೂ ‘ಷ’ಗೂ ಒಂದೊಂದು ಕಡೆ ಒಂದೊಂದು ಥರ. ಎರಡು ಮೂರು ರೀತಿ ಬರೆದು ನೋಡಿ. ಪುಸ್ತಕದ ಐಎಸ್‌ಬಿಎನ್ ಸಂಖ್ಯೆ, ಅಂದರೆ ಪುಸ್ತಕವನ್ನು ಗುರುತಿಸಲು ಅದಕ್ಕೆ ಕೊಟ್ಟಿರುವ ಸಂಖ್ಯೆ, ಗೊತ್ತಿದ್ದರೆ ಅದನ್ನೇ ಹಾಕಿ. 2007ರಿಂದ ಈಚಿನ ಪುಸ್ತಕಗಳಿಗೆ 13 ಅಂಕಿ, ಅದಕ್ಕೂ ಹಳೆಯದಾದರೆ 10 ಅಂಕಿ ಇರುತ್ತದೆ. ಒಂದು ಒಳ್ಳೆಯ ಪುಸ್ತಕ ಸಿಕ್ಕಿತು ಅಂದರೆ ಅದರ ವಿವರದ ಕೆಳಗೆ ಕೊಟ್ಟಿರುವ ವಿಷಯದ ಹೆಸರುಗಳನ್ನು ಒತ್ತಿ ನೋಡಿ, ಅದೇ ವಿಷಯದ ಬೇರೆ ಪುಸ್ತಕಗಳು ಸಾಲಾಗಿ ಬರುತ್ತವೆ. ನಾವು ಯೋಚಿಸುವ ಪದಕ್ಕೂ ಅವರು ಬಳಸುವ ಪದಕ್ಕೂ ಇರುವ ಅಂತರ ದಾಟಲು ಇದಕ್ಕಿಂತ ಸುಲಭ ದಾರಿ ಇಲ್ಲ.

ಪುಸ್ತಕ ಇದೆ, ಆದರೆ ಬೇರೆಯವರು ತೆಗೆದುಕೊಂಡು ಹೋಗಿದ್ದಾರೆ. ಆಗ ಕಾಯ್ದಿರಿಸಿ. ವಾಪಸ್ ಬಂದಾಗ ನಿಮಗಾಗಿ ಎತ್ತಿಡುತ್ತಾರೆ. ನೀವು ಕಾಯ್ದಿರಿಸಿದರೆ, ಈಗ ಇಟ್ಟುಕೊಂಡಿರುವವರಿಗೆ ಸಾಮಾನ್ಯವಾಗಿ ರಿನ್ಯೂ ಮಾಡಲು ಬಿಡುವುದಿಲ್ಲ. ಹೀಗಾಗಿ ಸುಮ್ನೆ ಕಾಯುವವರಿಗಿಂತ ಕಾಯ್ದಿರಿಸಿದವರಿಗೆ ಪುಸ್ತಕ ಬೇಗ ಸಿಗುತ್ತದೆ. ಗ್ರಂಥಾಲಯದಲ್ಲೇ ಇಲ್ಲ ಅಂದರೆ? ಆಗಲೂ ಎದ್ದು ಬರಬೇಡಿ. ಎರಡು ದಾರಿ ಇವೆ. ಒಂದು, ಬೇರೆ ಗ್ರಂಥಾಲಯದಿಂದ ತರಿಸಿಕೊಡುವುದು, ಅಂತರ ಗ್ರಂಥಾಲಯ ಎರವಲು ಅಂತಾರೆ. ಇದೇನು ಸಣ್ಣ ವ್ಯವಸ್ಥೆ ಅಲ್ಲ. ಇಂಗ್ಲೆಂಡಿನ ಬಾಸ್ಟನ್ ಸ್ಪಾ ಎಂಬಲ್ಲಿ 1962ರಲ್ಲಿ ವಿಜ್ಞಾನ, ತಂತ್ರಜ್ಞಾನದ ಪುಸ್ತಕ, ಪತ್ರಿಕೆಗಳನ್ನು ಬೇರೆ ಗ್ರಂಥಾಲಯಗಳಿಗೆ ಕಳಿಸುವುದಕ್ಕೆಂದೇ ಒಂದು ರಾಷ್ಟ್ರೀಯ ಗ್ರಂಥಾಲಯ ಶುರು ಮಾಡಿದರು, ಅದು ಮುಂದೆ ಬ್ರಿಟಿಷ್ ಲೈಬ್ರರಿಯಲ್ಲಿ ಸೇರಿತು. 1967ರಲ್ಲಿ ಅಮೆರಿಕದ ಒಹಾಯೋದಲ್ಲಿ ಕಾಲೇಜು ಗ್ರಂಥಾಲಯಗಳು ಸೇರಿ ಕಟ್ಟಿದ ಸಂಸ್ಥೆಯಿಂದ ಬೆಳೆದದ್ದು ವರ್ಲ್ಡ್‌ಕ್ಯಾಟ್. ಒಂದು ಪುಸ್ತಕ ಜಗತ್ತಿನ ಯಾವ ಯಾವ ಗ್ರಂಥಾಲಯದಲ್ಲಿದೆ ಅಂತ ಅದರಲ್ಲಿ ಯಾರು ಬೇಕಾದರೂ ನೋಡಬಹುದು. ಪುಸ್ತಕ ಬರಲು ದಿನಗಳೋ ವಾರಗಳೋ ಹಿಡಿಯುತ್ತದೆ, ಕೆಲವು ಕಡೆ ಅಂಚೆ ವೆಚ್ಚ ಕೊಡಬೇಕು. ಪುಸ್ತಕ ಇಡೀ ಕಳಿಸಲು ಆಗದಿದ್ದಾಗ ಬೇಕಾದ ಅಧ್ಯಾಯದ ಪ್ರತಿ ಕಳಿಸುವುದೂ ಉಂಟು. ಎಲ್ಲ ಗ್ರಂಥಾಲಯಕ್ಕೂ ಈ ಸೌಲಭ್ಯ ಇರಲ್ಲ, ನಿಜ. ಇದೆಯಾ ಅಂತ ಕೇಳಿದರೆ ತಾನೇ ಗೊತ್ತಾಗೋದು?

ಎರಡನೆಯದು, ಪುಸ್ತಕ ಕೊಳ್ಳಿ ಅಂತ ಸಲಹೆ ಬರೆದುಕೊಡುವುದು. ಇದು ತುಂಬಾ ಜನರಿಗೆ ಗೊತ್ತೇ ಇಲ್ಲ. ಗ್ರಂಥಾಲಯದವರು ತಮ್ಮ ಇಷ್ಟದ ಪುಸ್ತಕ ತರುತ್ತಾರೆ, ನಾವು ಇದ್ದದ್ದನ್ನು ಓದಬೇಕು ಅಂದುಕೊಂಡಿದ್ದಾರೆ. ಲೇಖಕರು, ಪ್ರಕಾಶಕರು, ವರ್ಷ, ಐಎಸ್‌ಬಿಎನ್ ಎಲ್ಲ ಬರೆದು, ಯಾಕೆ ಬೇಕು ಅಂತ ಒಂದು ಸಾಲು ಸೇರಿಸಿ ಕೊಡಿ. ಒಬ್ಬರು ಕೇಳಿದರೆ ಅದು ಒಬ್ಬರ ಆಸೆ, ಒಂದಷ್ಟು ಜನ ಕೇಳಿದರೆ ಅದು ಬೇಡಿಕೆ.

ಎಸ್. ಆರ್. ರಂಗನಾಥನ್ ಅವರ ಹೆಸರು ಹೇಳದೆ ಈ ಮಾತು ಪೂರ್ತಿ ಆಗಲ್ಲ. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬಂದರು, 1931ರಲ್ಲಿ ತಮ್ಮ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸಿ, ಗ್ರಂಥಾಲಯ ಬೆಳೆಯುವ ಜೀವಿ. ಜಗತ್ತಿನ ಗ್ರಂಥಪಾಲಕರೆಲ್ಲ ಓದುವ ಸೂತ್ರಗಳಿವು. ನನಗೆ ಇದರಲ್ಲಿ ನಾಲ್ಕನೆಯದು ಬಹಳ ಇಷ್ಟ. ‘ಅವರಿಗೆ ಯಾಕೆ ತೊಂದರೆ ಕೊಡುವುದು’ ಅಂತ ನಾವು ಹಿಂಜರಿಯುತ್ತೇವಲ್ಲ, ನಮ್ಮ ಸಮಯ ಉಳಿಸುವುದೇ ಅವರ ಕೆಲಸ ಅಂತ ರಂಗನಾಥನ್ ಆಗಲೇ ಬರೆದಿಟ್ಟಿದ್ದಾರೆ.

ಐದನೆಯ ಸೂತ್ರಕ್ಕೆ ಇನ್ನೊಂದು ಮುಖ ಇದೆ, ಅದನ್ನು ಓದುಗರು ಅಷ್ಟಾಗಿ ಗಮನಿಸುವುದಿಲ್ಲ. ಕಪಾಟಿನ ಜಾಗ ಸೀಮಿತ. ಹೊಸದು ಬರಬೇಕಾದರೆ ಹಳೆಯದು ಕೆಲವು ಹೋಗಲೇಬೇಕು. ಯಾವುದನ್ನು ತೆಗೆಯುವುದು? ಹರಿದದ್ದು, ಮಾಹಿತಿ ಹಳತಾದದ್ದು, ವರ್ಷಗಟ್ಟಲೆ ಯಾರೂ ಮುಟ್ಟದೇ ಇರುವುದು. ಈ ಮೂರನೆಯದು ನಮ್ಮ ಕೈಯಲ್ಲಿದೆ. ನಿಮಗೆ ಪ್ರೀತಿಯ ಕವಿಯ ಸಂಕಲನ ಅಲ್ಲೇ ನಿಂತು ಓದಿ ವಾಪಸ್ ಇಟ್ಟರೆ ದಾಖಲೆಯಲ್ಲಿ ಆ ಪುಸ್ತಕವನ್ನು ಯಾರೂ ಓದಿಲ್ಲ. ನಿಮ್ಮ ಹೆಸರಿನಲ್ಲಿ ಮನೆಗೆ ತಂದರೆ ಅದಕ್ಕೆ ಇನ್ನಷ್ಟು ಆಯಸ್ಸು. ಇದೇ ಕಾರಣಕ್ಕೆ ‘ಓದಿದ ಪುಸ್ತಕವನ್ನು ಮೇಜಿನ ಮೇಲೇ ಬಿಡಿ’ ಅಂತ ಬೋರ್ಡ್ ಹಾಕಿರುವ ಕಡೆ ಆ ಮಾತು ಕೇಳಿ. ಎಷ್ಟೋ ಗ್ರಂಥಾಲಯಗಳಲ್ಲಿ ಹಾಗೆ ಬಿಟ್ಟ ಪುಸ್ತಕಗಳನ್ನು ಎಣಿಸಿ, ಒಳಗೇ ಓದಿದ ಲೆಕ್ಕಕ್ಕೆ ಸೇರಿಸುತ್ತಾರೆ. ಇನ್ನೊಂದು ಕಾರಣವೂ ಇದೆ. ತಪ್ಪು ಜಾಗದಲ್ಲಿ ಇಟ್ಟ ಪುಸ್ತಕ ಕಳೆದುಹೋದ ಪುಸ್ತಕ. ಕ್ಯಾಟಲಾಗ್ ‘ಇದೆ’ ಅನ್ನುತ್ತದೆ, ಕಪಾಟಿನಲ್ಲಿ ಇಲ್ಲ, ಮುಂದಿನ ಸಲ ಕಪಾಟು ತಪಾಸಣೆ ಮಾಡುವವರೆಗೆ ಅದು ಯಾರಿಗೂ ಸಿಗುವುದಿಲ್ಲ.

ಇ-ಪುಸ್ತಕದ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ: ಅದು ಫೈಲ್ ತಾನೇ, ಅದಕ್ಕೂ ಕ್ಯೂ ಯಾಕೆ? ಯಾಕೆ ಅಂದರೆ ಗ್ರಂಥಾಲಯ ಅದನ್ನು ಕೊಂಡಿರುವುದಿಲ್ಲ, ಪರವಾನಗಿ ಪಡೆದಿರುತ್ತದೆ. ಹೆಚ್ಚಿನ ಪರವಾನಗಿಗಳಲ್ಲಿ ಒಂದು ಪ್ರತಿ ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನ 26 ಸಲ ಎರವಲು ಕೊಟ್ಟ ಮೇಲೆ ಇ-ಪುಸ್ತಕದ ಪರವಾನಗಿ ಮುಗಿಯುತ್ತದೆ, ಮತ್ತೆ ಕೊಳ್ಳಬೇಕು ಅನ್ನುವ ನಿಯಮ ತಂದಿತು. ಕಾಗದದ ಪುಸ್ತಕ 26 ಓದಿಗೆ ಸತ್ತುಹೋಗುತ್ತದೆಯೇ? ಗ್ರಂಥಪಾಲಕರು ಜೋರಾಗಿಯೇ ಪ್ರತಿಭಟಿಸಿದರು. ಇನ್ನು ಕೆಲವು ಪ್ರಕಾಶಕರದ್ದು ಎರಡು ವರ್ಷದ ಲೆಕ್ಕ. ಓದಿ ಮುಗಿಸಿದ ಇ-ಪುಸ್ತಕವನ್ನು ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳದೆ ಬೇಗ ವಾಪಸ್ ಕೊಟ್ಟರೆ, ಸಾಲಿನಲ್ಲಿ ಹಿಂದೆ ನಿಂತವರಿಗೆ ಉಪಕಾರ ಮಾಡಿದ ಹಾಗೆ.

ಕಣ್ಣು ಕಾಣದವರಿಗೆ, ಪುಸ್ತಕ ಹಿಡಿಯಲು ಆಗದವರಿಗೆ, ಅಕ್ಷರ ಗುರುತಿಸಲು ಕಷ್ಟಪಡುವವರಿಗೆ ಗ್ರಂಥಾಲಯ ಅಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಬ್ರೈಲ್, ಧ್ವನಿ ಪುಸ್ತಕ, ದೊಡ್ಡ ಅಕ್ಷರದ ಪುಸ್ತಕ, ಪರದೆಯ ಅಕ್ಷರ ಓದಿ ಹೇಳುವ ಕಂಪ್ಯೂಟರ್, ಇವು ಇವೆಯಾ ಅಂತ ಕೇಳಿ. 2013ರ ಮರ್ರಾಕೆಶ್ ಒಪ್ಪಂದ ಬಂದಿದ್ದೇ ಇವರಿಗಾಗಿ. ಇಂಥ ಓದುಗರಿಗೆ ಪುಸ್ತಕವನ್ನು ಬೇರೆ ರೂಪಕ್ಕೆ ತರಲು, ಒಂದು ದೇಶದಿಂದ ಇನ್ನೊಂದಕ್ಕೆ ಕಳಿಸಲು ಕೃತಿಸ್ವಾಮ್ಯ ಅಡ್ಡ ಬರಬಾರದು ಅನ್ನುವುದು ಅದರ ತಿರುಳು. ಅದನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ ಅನುಮೋದಿಸಿದ ದೇಶ ಭಾರತ. ಮನೆಯಲ್ಲಿ ಹಿರಿಯರಿದ್ದು, ಕಣ್ಣು ಮಂಜಾಗಿ ಓದು ಬಿಟ್ಟಿದ್ದರೆ ಅವರ ಪರವಾಗಿ ನೀವು ಹೋಗಿ ವಿಚಾರಿಸಿ. ಅವರಾಗಿ ಕೇಳುವುದು ಕಡಿಮೆ.

ಮಕ್ಕಳನ್ನು ಕರೆದುಕೊಂಡು ಹೋದಾಗ ನನ್ನದೊಂದೇ ವಿನಂತಿ. ಅವರ ಕಾರ್ಡಿನಲ್ಲಿ ಅವರಿಗೆ ಬೇಕಾದದ್ದನ್ನು ತೆಗೆದುಕೊಳ್ಳಲು ಬಿಡಿ. ಕಾಮಿಕ್ಸ್ ಆದರೂ ಸರಿ, ಓದಿದ್ದನ್ನೇ ಮತ್ತೆ ತಂದರೂ ಸರಿ. ಕೌಂಟರಿನಲ್ಲಿ ಪ್ರಶ್ನೆಯನ್ನೂ ಅವರೇ ಕೇಳಲಿ, ನೀವು ಪಕ್ಕದಲ್ಲಿ ನಿಂತಿರಿ ಸಾಕು.

ದಂಡದ ಭಯಕ್ಕೆ ಎಷ್ಟೋ ಜನ ಗ್ರಂಥಾಲಯವನ್ನೇ ಬಿಟ್ಟಿರುತ್ತಾರೆ. ಪುಸ್ತಕ ಮರೆತು ಮನೆಯಲ್ಲಿ ಉಳಿದಿದೆ, ಎಷ್ಟು ಬೆಳೆದಿದೆಯೋ ಅಂತ ಹೆದರಿ ಆ ಕಡೆ ತಲೆ ಹಾಕುವುದಿಲ್ಲ. ಇದನ್ನು ಗಮನಿಸಿಯೇ 2019ರಲ್ಲಿ ಐರ್ಲೆಂಡ್ ದೇಶವೂ ಷಿಕಾಗೊ ನಗರವೂ ತಡವಾದದ್ದಕ್ಕೆ ದಂಡ ಹಾಕುವುದನ್ನು ನಿಲ್ಲಿಸಿದವು. ಆಮೇಲೆ ಇನ್ನೂ ಎಷ್ಟೋ ಕಡೆ ತೆಗೆದರು. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ಹೆಜ್ಜೆ, ದಂಡ ಜಾಸ್ತಿ ಚುಚ್ಚುವುದು ಕೈಯಲ್ಲಿ ದುಡ್ಡಿಲ್ಲದವರಿಗೇ. ನಿಮ್ಮಲ್ಲಿ ಯಾರ ಹತ್ತಿರವಾದರೂ ಹಾಗೆ ಉಳಿದ ಪುಸ್ತಕ ಇದ್ದರೆ ತಗೊಂಡು ಹೋಗಿ ನೇರವಾಗಿ ಹೇಳಿ. ಬಹಳ ಕಡೆ ಅವರಿಗೆ ದಂಡಕ್ಕಿಂತ ಪುಸ್ತಕ ಮುಖ್ಯ.

ಇದೆಲ್ಲ ಯಾರ ದುಡ್ಡು? ಹೆಚ್ಚಿನ ಕಡೆ ನಮ್ಮದೇ ತೆರಿಗೆ. ಬ್ರಿಟನ್ನಿನಲ್ಲಿ 1850ರ ಕಾಯಿದೆ ಗ್ರಂಥಾಲಯಕ್ಕಾಗಿ ತೆರಿಗೆ ಎತ್ತಲು ಊರುಗಳಿಗೆ ಅಧಿಕಾರ ಕೊಟ್ಟಿತು. ವಿಚಿತ್ರ ಅಂದರೆ ಆ ದುಡ್ಡಿನಲ್ಲಿ ಕಟ್ಟಡ ಕಟ್ಟಬಹುದಿತ್ತು, ಪುಸ್ತಕ ಕೊಳ್ಳುವ ಹಾಗಿರಲಿಲ್ಲ! ಪುಸ್ತಕವನ್ನು ಯಾರಾದರೂ ದಾನ ಕೊಡುತ್ತಾರೆ ಅನ್ನುವ ನಂಬಿಕೆ. 1855ರಲ್ಲಿ ಅದನ್ನು ತಿದ್ದಿದರು. ದಾನದ ಪುಸ್ತಕದಿಂದಷ್ಟೇ ಗ್ರಂಥಾಲಯ ನಡೆಯಲ್ಲ ಅಂತ ಐದೇ ವರ್ಷದಲ್ಲಿ ಗೊತ್ತಾಗಿತ್ತು.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಎದ್ದು ಕೇಳಿದ್ದೂ ಇದರ ಬಗ್ಗೆಯೇ. ‘ಮನೆಯಲ್ಲಿ ಹಳೆಯ ಪುಸ್ತಕ ರಾಶಿ ಇದೆ, ಲೈಬ್ರರಿಗೆ ಕೊಟ್ಟುಬಿಡಬಹುದಾ?’ ಅಂತ. ನಾನು ಹೇಳಿದ್ದು ಇಷ್ಟು. ಕೊಡಬಹುದು, ಆದರೆ ಮೂಟೆ ಕಟ್ಟಿ ಬಾಗಿಲಲ್ಲಿ ಇಟ್ಟು ಬರಬೇಡಿ. ಪುಕ್ಕಟೆ ಬಂದ ಪುಸ್ತಕಕ್ಕೂ ಕೆಲಸ ಇರುತ್ತದೆ: ನೋಡಬೇಕು, ದಾಖಲು ಮಾಡಬೇಕು, ಸಂಖ್ಯೆ ಹಾಕಬೇಕು, ಚೀಟಿ ಅಂಟಿಸಬೇಕು, ಜಾಗ ಹುಡುಕಬೇಕು. ಒಂದು ಹುಳ ಹಿಡಿದ ಪುಸ್ತಕ ಇಡೀ ಕಪಾಟಿಗೆ ಹುಳ ಹಬ್ಬಿಸಬಹುದು. ಲೇಖಕರು, ಶೀರ್ಷಿಕೆ, ಪ್ರಕಟವಾದ ವರ್ಷ ಬರೆದ ಪಟ್ಟಿ ತೆಗೆದುಕೊಂಡು ಹೋಗಿ, ಯಾವುದು ಬೇಕು ಅಂತ ಅವರೇ ಗುರುತು ಹಾಕಲಿ. ಅದರ ಜೊತೆಗೆ ಇನ್ನೊಂದು ಕೇಳಿ. ಊರಿನ ಹಳೆಯ ಫೋಟೋ, ಸ್ಮರಣ ಸಂಚಿಕೆ, ನಿಂತುಹೋದ ಸ್ಥಳೀಯ ಪತ್ರಿಕೆಯ ಸಂಚಿಕೆಗಳು ನಿಮ್ಮ ಮನೆಯಲ್ಲಿದ್ದರೆ ಅವು ಬೇಕಾ ಅಂತ. ಜನಪ್ರಿಯ ಕಾದಂಬರಿಯ ಇನ್ನೊಂದು ಪ್ರತಿ ಅವರಿಗೆ ಬೇಡವಾಗಿರಬಹುದು. ಇವು ಮಾತ್ರ ಬೇರೆ ಯಾವ ಗ್ರಂಥಾಲಯದಿಂದಲೂ ತರಿಸಲು ಆಗದವು, ಸ್ಥಳೀಯ ಇತಿಹಾಸದ ವಿಭಾಗ ಇರುವ ಕಡೆ ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ಕೈಬಿಟ್ಟು ಕೊಡಲು ಮನಸ್ಸಿಲ್ಲದಿದ್ದರೆ ಸ್ಕ್ಯಾನ್ ಮಾಡಿಕೊಂಡು ವಾಪಸ್ ಕೊಡುತ್ತಾರಾ ಅಂತಲೂ ವಿಚಾರಿಸಬಹುದು. ಫೋಟೋದ ಹಿಂದೆ ಯಾರು, ಎಲ್ಲಿ, ಯಾವ ವರ್ಷ ಅಂತ ನಿಮಗೆ ಗೊತ್ತಿರುವಷ್ಟನ್ನು ಪೆನ್ಸಿಲ್‌ನಲ್ಲಿ ಬರೆದು ಕೊಡಿ, ಪೆನ್ನಿನಲ್ಲಿ ಬೇಡ.